ಬಾಲಾಪರಾಧಿಗಳಿಗೆ ಬಿಡುಗಡೆಯೇ ಇಲ್ಲದ ಜೀವಾವಧಿ ಶಿಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೆಂಟು ತುಂಬುವ ಮೊದಲು ಕೊಲೆಯಂಥ ಅಪರಾಧ ಎಸಗಿದವರನ್ನು, ಬಿಡುಗಡೆಗೆ ಅರ್ಜಿಯನ್ನೇ ಹಾಕಲಾಗದಂತೆ, ಸಾಯುವವರೆಗೂ ಸೆರೆಯಲ್ಲಿಡಬಹುದೇ ಎಂಬ ಪ್ರಶ್ನೆ ಅಮೆರಿಕದ ನ್ಯಾಯಾಲಯಗಳ ಮುಂದೆ ಎರಡು ದಶಕಗಳಿಂದ ಮತ್ತೆ ಮತ್ತೆ ಬರುತ್ತಿದೆ. ಭಾರತದ ಕಾನೂನು ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ; ಆದರೂ ಪ್ರತಿಯೊಂದು ಭೀಕರ ಪ್ರಕರಣದ ಬೆನ್ನಲ್ಲೇ ಆ ಉತ್ತರವನ್ನು ಬದಲಿಸಬೇಕೆಂಬ ಕೂಗು ಇಲ್ಲಿಯೂ ಏಳುತ್ತದೆ. ಈ ಪುಟವನ್ನು ಬರೆಯುತ್ತಿರುವ ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಂಥ ಶಿಕ್ಷೆ ಇರಬಾರದು. ಎದುರು ವಾದದಲ್ಲಿ ಹುರುಳಿಲ್ಲವೆಂದು ನಾನು ಭಾವಿಸಿಲ್ಲ. ಅದಕ್ಕೆ ಸಲ್ಲಬೇಕಾದ ಜಾಗವನ್ನು ಇಲ್ಲಿ ಕೊಟ್ಟಿದ್ದೇನೆ.

ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆ ಎಂದರೇನು? ನಮ್ಮಲ್ಲಿ ಪೆರೋಲ್ ಎಂದರೆ ಕೆಲವು ದಿನಗಳ ರಜೆಯಲ್ಲವೇ?

ಹೌದು. ನಮ್ಮ ಜೈಲುಗಳಲ್ಲಿ ಪೆರೋಲ್ ಎಂದರೆ ಮನೆಯಲ್ಲಿ ಸಾವಾದಾಗ ಅಥವಾ ಮದುವೆಯಿದ್ದಾಗ ಕೈದಿಗೆ ಸಿಗುವ ತಾತ್ಕಾಲಿಕ ಬಿಡುವು. ಅವಧಿ ಮುಗಿದೊಡನೆ ಆತ ಜೈಲಿಗೆ ಮರಳಲೇಬೇಕು. ಅಮೆರಿಕದಲ್ಲಿ ಪೆರೋಲ್ ಎಂದರೆ, ಶಿಕ್ಷೆಯ ಒಂದು ಭಾಗವನ್ನು ಅನುಭವಿಸಿದ ಮೇಲೆ ಪೆರೋಲ್ ಮಂಡಳಿ ಒಪ್ಪಿದರೆ, ನಿಗಾ ಮತ್ತು ಷರತ್ತುಗಳಿಗೆ ಒಳಪಟ್ಟು ಹೊರಗೆ ಬದುಕುವ ಅವಕಾಶ. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದೆಂದರೆ ಹದಿನಾಲ್ಕು ವರ್ಷ ಪೂರೈಸಿದ ಜೀವಾವಧಿ ಕೈದಿಗಳನ್ನು ಸನ್ನಡತೆಯ ಆಧಾರದ ಮೇಲೆ ಸರ್ಕಾರ ಅವಧಿಗೆ ಮುನ್ನ ಬಿಡುಗಡೆ ಮಾಡುವ ಕ್ರಮ. ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆಯಲ್ಲಿ ಆ ಅವಕಾಶವೇ ಇರುವುದಿಲ್ಲ. ಗವರ್ನರ್ ಅಥವಾ ಅಧ್ಯಕ್ಷರ ಕ್ಷಮಾದಾನವೊಂದನ್ನು ಬಿಟ್ಟರೆ, ಕೈದಿ ಎಷ್ಟೇ ಬದಲಾಗಿದ್ದರೂ ಅದನ್ನು ಕೂತು ಕೇಳಬೇಕಾದ ಯಾವ ಅಧಿಕಾರಿಯೂ ಇರುವುದಿಲ್ಲ.

ಮಕ್ಕಳಿಗೆ ಈ ಶಿಕ್ಷೆ ಎಲ್ಲೆಲ್ಲಿ ಇದೆ?

ಪ್ರಾಯೋಗಿಕವಾಗಿ ಇದು ಅಮೆರಿಕದ ಪ್ರಶ್ನೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 37ನೇ ವಿಧಿಯು, ಹದಿನೆಂಟರೊಳಗೆ ಮಾಡಿದ ಅಪರಾಧಕ್ಕೆ ಮರಣದಂಡನೆಯನ್ನಾಗಲಿ ಬಿಡುಗಡೆಯ ಸಾಧ್ಯತೆ ಇಲ್ಲದ ಜೀವಾವಧಿ ಶಿಕ್ಷೆಯನ್ನಾಗಲಿ ವಿಧಿಸಬಾರದು ಎನ್ನುತ್ತದೆ. ಭಾರತ 1992ರಲ್ಲಿ ಇದನ್ನು ಒಪ್ಪಿಕೊಂಡಿತು. ಅಮೆರಿಕ 1995ರಲ್ಲಿ ಸಹಿ ಹಾಕಿತಾದರೂ ಅನುಮೋದಿಸಲಿಲ್ಲ. ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳಲ್ಲಿ ಹೀಗೆ ಹೊರಗುಳಿದಿರುವುದು ಅದೊಂದೇ. ಆದರೆ ಅಮೆರಿಕದೊಳಗೇ ಚಿತ್ರ ಬದಲಾಗುತ್ತಿದೆ. 2023ರಲ್ಲಿ ನ್ಯೂ ಮೆಕ್ಸಿಕೊ ಮತ್ತು ಮಿನ್ನೆಸೋಟ ಸೇರಿಕೊಂಡ ಮೇಲೆ ಮಕ್ಕಳಿಗೆ ಈ ಶಿಕ್ಷೆಯನ್ನು ನಿಷೇಧಿಸಿದ ರಾಜ್ಯಗಳ ಸಂಖ್ಯೆ 28ಕ್ಕೇರಿತು; ರಾಜಧಾನಿ ವಾಷಿಂಗ್ಟನ್ ಕೂಡ ಆ ಪಟ್ಟಿಯಲ್ಲಿದೆ.

ಅಲ್ಲಿ ಇಂಥ ಕಾನೂನು ಬಂದದ್ದು ಹೇಗೆ?

1980ರ ದಶಕದ ಕೊನೆಯಿಂದ 1990ರ ದಶಕದ ಆರಂಭದವರೆಗೆ ಅಮೆರಿಕದ ನಗರಗಳಲ್ಲಿ ಹದಿಹರೆಯದವರು ಬಂದೂಕು ಹಿಡಿದು ಮಾಡುವ ಕೊಲೆಗಳು ನಿಜವಾಗಿಯೂ ಏರಿದ್ದವು. ಆ ಭಯ ಕಾರಣವಿಲ್ಲದ್ದಾಗಿರಲಿಲ್ಲ. ಅದರ ಮೇಲೆ, 1995ರ ಸುಮಾರಿಗೆ ಜಾನ್ ಡಿಯುಲಿಯೊ ಎಂಬ ರಾಜ್ಯಶಾಸ್ತ್ರಜ್ಞರು ಪಶ್ಚಾತ್ತಾಪದ ಲವಲೇಶವೂ ಇಲ್ಲದ 'ಸೂಪರ್ ಪ್ರಿಡೇಟರ್' ಪೀಳಿಗೆಯೊಂದು ಬರಲಿದೆ ಎಂದು ಎಚ್ಚರಿಸಿದರು. ಪತ್ರಿಕೆಗಳು ಆ ಮಾತನ್ನು ಹಿಡಿದುಕೊಂಡವು. ಮಕ್ಕಳನ್ನು ವಯಸ್ಕರ ನ್ಯಾಯಾಲಯಕ್ಕೆ ಕಳಿಸುವ ಕಾನೂನುಗಳನ್ನು ರಾಜ್ಯಗಳು ಒಂದಾದ ಮೇಲೊಂದರಂತೆ ಬಿಗಿಗೊಳಿಸಿದವು. ಆ ನ್ಯಾಯಾಲಯಗಳಲ್ಲಿ ಕೊಲೆಗೆ ಕಡ್ಡಾಯ ಶಿಕ್ಷೆ ಮೊದಲೇ ನಿಗದಿಯಾಗಿತ್ತು. ಹದಿನಾಲ್ಕರ ಹುಡುಗನಿಗೂ ನಲವತ್ತರ ಗಂಡಸಿಗೂ ಅದೇ ಅನ್ವಯಿಸಿತು. ಅನೇಕ ರಾಜ್ಯಗಳಲ್ಲಿ ಯಾವ ಶಾಸಕನೂ ಎದ್ದುನಿಂತು ಹದಿನಾಲ್ಕು ವರ್ಷದವರನ್ನು ಸಾಯುವವರೆಗೂ ಕೂಡಿಹಾಕೋಣ ಎಂದು ಮತ ಹಾಕಿದ್ದೇ ಇಲ್ಲ. ಎರಡು ಬೇರೆ ಬೇರೆ ಕಾನೂನುಗಳು ಒಂದರ ಮೇಲೊಂದು ಕೂತು ಆ ಫಲವನ್ನು ಕೊಟ್ಟವು.

ಭವಿಷ್ಯ ನುಡಿದಂತೆ ಆ ಪೀಳಿಗೆ ಬರಲಿಲ್ಲ. ಹದಿಹರೆಯದವರ ಕೊಲೆ ಪ್ರಮಾಣ 1990ರ ದಶಕದ ಮಧ್ಯದಿಂದ ತೀವ್ರವಾಗಿ ಇಳಿಯಿತು. ಡಿಯುಲಿಯೊ ತಮ್ಮ ಊಹೆ ಸುಳ್ಳಾಯಿತೆಂದು ಒಪ್ಪಿಕೊಂಡು, ಮುಂದೆ ಬರುವ 2012ರ ಮಿಲ್ಲರ್ ಪ್ರಕರಣದಲ್ಲಿ ಮಕ್ಕಳ ಪರವಾಗಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಮನವಿಗೆ ಸಹಿಯನ್ನೂ ಹಾಕಿದರು. ಅಷ್ಟರಲ್ಲಿ ಸುಮಾರು 2,500 ಮಂದಿ ಬಾಲ್ಯದ ಅಪರಾಧಕ್ಕಾಗಿ ಈ ಶಿಕ್ಷೆಯನ್ನು ಅನುಭವಿಸುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಪ್ಪು ಜನಾಂಗದವರು.

ಅಮೆರಿಕದ ಸುಪ್ರೀಂ ಕೋರ್ಟ್ ಏನು ಹೇಳಿದೆ?

ಒಂದೇ ಸಲಕ್ಕೆ ಹೇಳಿ ಮುಗಿಸಲಿಲ್ಲ. 2005ರ ರೋಪರ್ ವಿರುದ್ಧ ಸಿಮನ್ಸ್ ತೀರ್ಪಿನಲ್ಲಿ, ಹದಿನೆಂಟರೊಳಗೆ ಮಾಡಿದ ಅಪರಾಧಕ್ಕೆ ಮರಣದಂಡನೆ ವಿಧಿಸುವಂತಿಲ್ಲ ಎಂದು ಐದು–ನಾಲ್ಕರ ಬಹುಮತದಿಂದ ತೀರ್ಮಾನಿಸಿತು. ಆ ಪ್ರಕರಣದ ಹುಡುಗ, ತಾವು ಅಪ್ರಾಪ್ತರಾದ್ದರಿಂದ ತಪ್ಪಿಸಿಕೊಳ್ಳಬಹುದು ಎಂದು ಗೆಳೆಯರಿಗೆ ಹೇಳಿಯೇ ಕೊಲೆಗೆ ಹೊರಟಿದ್ದವನು. ಮನಸ್ಸು ಕರಗಿಸುವ ಪ್ರಕರಣವೇನೂ ಅಲ್ಲ. ಆದರೂ ನ್ಯಾಯಮೂರ್ತಿ ಆಂಟನಿ ಕೆನಡಿ ಬರೆದ ತೀರ್ಪು, ವ್ಯಕ್ತಿತ್ವ ಇನ್ನೂ ಗಟ್ಟಿಯಾಗಿರದ ವಯಸ್ಸಿನವರನ್ನು ಅತ್ಯಂತ ಹೀನ ಅಪರಾಧಿಗಳ ಸಾಲಿಗೆ ಸೇರಿಸಲಾಗದು ಎಂದಿತು.

2010ರ ಗ್ರಹಾಂ ವಿರುದ್ಧ ಫ್ಲೋರಿಡಾ ತೀರ್ಪು ಕೊಲೆಯಲ್ಲದ ಅಪರಾಧಗಳಿಗೆ ಸಂಬಂಧಿಸಿದ್ದು. ದರೋಡೆಯಂಥ ಅಪರಾಧಗಳಿಗಾಗಿ ಈ ಶಿಕ್ಷೆಗೆ ಗುರಿಯಾದ ಬಾಲಾಪರಾಧಿಗಳು ಇಡೀ ದೇಶದಲ್ಲಿ 123 ಮಂದಿ ಇದ್ದರು. ಅವರಲ್ಲಿ 77 ಮಂದಿ ಫ್ಲೋರಿಡಾ ಒಂದರಲ್ಲೇ. ಅದನ್ನು ರದ್ದುಪಡಿಸಿದ ನ್ಯಾಯಾಲಯ ಹೇಳಿದ ಒಂದು ಮಾತು ಈ ಇಡೀ ಚರ್ಚೆಗೆ ತಳಹದಿ: ರಾಜ್ಯವು ಬಿಡುಗಡೆಯ ಖಾತರಿ ಕೊಡಬೇಕಾಗಿಲ್ಲ, ತಾನು ಪ್ರಬುದ್ಧನಾಗಿದ್ದೇನೆ, ಸುಧಾರಿಸಿದ್ದೇನೆ ಎಂದು ತೋರಿಸಿ ಬಿಡುಗಡೆ ಪಡೆಯಲು ಅರ್ಥಪೂರ್ಣವಾದ ಒಂದು ಅವಕಾಶವನ್ನು ಮಾತ್ರ ಕೊಡಬೇಕು.

2012ರ ಮಿಲ್ಲರ್ ವಿರುದ್ಧ ಅಲಬಾಮಾ ತೀರ್ಪು ಕೊಲೆ ಪ್ರಕರಣಗಳಿಗೆ ಬಂದಿತು. ನ್ಯಾಯಮೂರ್ತಿ ಎಲೆನಾ ಕೇಗನ್ ಬರೆದ ಈ ತೀರ್ಪಿನಲ್ಲಿ ಇಬ್ಬರು ಹದಿನಾಲ್ಕರ ಹುಡುಗರ ಪ್ರಕರಣಗಳು ಒಟ್ಟಿಗೆ ಇದ್ದವು. ಇಬ್ಬರ ಪರವಾಗಿಯೂ ವಾದಿಸಿದವರು ಬ್ರಯಾನ್ ಸ್ಟೀವನ್‌ಸನ್. ಒಬ್ಬ ಹುಡುಗ, ಮಿಲ್ಲರ್, ತಾನೇ ಕ್ರೂರವಾಗಿ ಕೊಂದವನು. ಇನ್ನೊಬ್ಬ ಅರ್ಕಾನ್ಸಾದವನು. ಮತ್ತಿಬ್ಬರು ಹುಡುಗರೊಂದಿಗೆ ವೀಡಿಯೊ ಅಂಗಡಿಯೊಂದನ್ನು ದೋಚಲು ಹೊರಟಾಗ, ಅವರಲ್ಲೊಬ್ಬನ ಬಳಿ ಬಂದೂಕಿದೆ ಎಂಬುದು ಅವನಿಗೆ ತಿಳಿದದ್ದು ದಾರಿಯಲ್ಲಿ. ಮೊದಲು ಹೊರಗೇ ನಿಂತಿದ್ದ, ಆಮೇಲೆ ಒಳಹೊಕ್ಕ, ಗೆಳೆಯ ಗುಂಡು ಹಾರಿಸಿದ. ಒಳಗೆ ಕಾಲಿಟ್ಟಾಗ ಅವನು ಅಂಗಡಿಯವಳಿಗೆ "ನಾವೇನು ಆಟ ಆಡ್ತಿಲ್ಲ" ಎಂದನೋ, ಅಥವಾ ಗೆಳೆಯರಿಗೆ "ನೀವು ಆಟ ಆಡ್ತಿದ್ದೀರಿ ಅಂದ್ಕೊಂಡಿದ್ದೆ" ಎಂದನೋ ಎಂಬುದರ ಮೇಲೆ ಎರಡೂ ಕಡೆಯವರು ವಾದಿಸಿದರು. ಯಾವುದು ನಿಜವಾದರೂ ಶಿಕ್ಷೆ ಬದಲಾಗುತ್ತಿರಲಿಲ್ಲ, ಏಕೆಂದರೆ ಕಾನೂನು ನ್ಯಾಯಾಧೀಶರಿಗೆ ಬೇರೆ ಆಯ್ಕೆಯನ್ನೇ ಕೊಟ್ಟಿರಲಿಲ್ಲ. ಈ ಕಡ್ಡಾಯವನ್ನೇ ಸುಪ್ರೀಂ ಕೋರ್ಟ್ ತೆಗೆದುಹಾಕಿತು: ವಯಸ್ಸು, ಮನೆಯ ವಾತಾವರಣ, ಅಪರಾಧದಲ್ಲಿ ವಹಿಸಿದ ಪಾತ್ರ, ಸುಧಾರಣೆಯ ಸಾಧ್ಯತೆ ಇವನ್ನು ಪರಿಗಣಿಸದೆ ಮಗುವಿಗೆ ಈ ಶಿಕ್ಷೆ ವಿಧಿಸುವಂತಿಲ್ಲ ಎಂದಿತು. 2016ರ ಮಾಂಟ್ಗೊಮರಿ ವಿರುದ್ಧ ಲೂಸಿಯಾನಾ ತೀರ್ಪು ಇದನ್ನು ಹಳೆಯ ಪ್ರಕರಣಗಳಿಗೂ ಅನ್ವಯಿಸಿತು.

ಆಮೇಲೆ ನ್ಯಾಯಪೀಠ ಬದಲಾಯಿತು. 2021ರ ಜೋನ್ಸ್ ವಿರುದ್ಧ ಮಿಸಿಸಿಪಿ ತೀರ್ಪಿನಲ್ಲಿ ಆರು–ಮೂರರ ಬಹುಮತವು, ಈ ಹುಡುಗ ಎಂದಿಗೂ ಸುಧಾರಿಸಲಾರ ಎಂಬ ಪ್ರತ್ಯೇಕ ನಿರ್ಣಯವನ್ನು ದಾಖಲಿಸದೆಯೂ ನ್ಯಾಯಾಧೀಶರು ಈ ಶಿಕ್ಷೆ ಕೊಡಬಹುದು ಎಂದಿತು. ಶಿಕ್ಷೆ ಕಡ್ಡಾಯವಾಗಿರದಿದ್ದರೆ ಸಾಕು. ಅಂದರೆ ಶಿಕ್ಷೆ ಇಂದಿಗೂ ಸಂವಿಧಾನಬಾಹಿರವಲ್ಲ. ತೀರ್ಪಿಗೆ ಹೆಸರು ಕೊಟ್ಟ ಮಿಲ್ಲರ್‌ನಿಗೇ ಮರುವಿಚಾರಣೆಯಲ್ಲಿ ಅದೇ ಶಿಕ್ಷೆ ಮತ್ತೆ ಸಿಕ್ಕಿತು.

ಶಾಸನಸಭೆಗಳು ಮಾಡಿದ ಕಾನೂನನ್ನು ನ್ಯಾಯಾಧೀಶರು ಬದಲಿಸುವುದು ಸರಿಯೇ?

ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಮಿಲ್ಲರ್ ಪ್ರಕರಣದ ಭಿನ್ನಮತದಲ್ಲಿ ಕೇಳಿದ್ದು ಇದನ್ನೇ. ಸಂವಿಧಾನ ನಿಷೇಧಿಸುವುದು 'ಕ್ರೂರ ಮತ್ತು ಅಸಾಮಾನ್ಯ' ಶಿಕ್ಷೆಯನ್ನು; ಸಾವಿರಾರು ಮಂದಿಗೆ ವಿಧಿಸಿರುವ, ಬಹುಪಾಲು ರಾಜ್ಯಗಳಲ್ಲಿರುವ ಶಿಕ್ಷೆಯನ್ನು ಅಸಾಮಾನ್ಯವೆನ್ನುವುದು ಹೇಗೆ ಎಂಬುದು ಅವರ ಪ್ರಶ್ನೆ. ಅಮೆರಿಕದ ಸಂವಿಧಾನದ ಚೌಕಟ್ಟಿನೊಳಗೆ ಇದು ತೂಕದ ವಾದವೇ. ಆದರೆ ನ್ಯಾಯಾಲಯ ಏನು ಮಾಡಬಹುದು ಎಂಬುದು ಒಂದು ಪ್ರಶ್ನೆ, ಸಮಾಜ ಏನು ಮಾಡಬೇಕು ಎಂಬುದು ಇನ್ನೊಂದು. ಮಿಲ್ಲರ್ ತೀರ್ಪಿನ ನಂತರ ಈ ಶಿಕ್ಷೆಯನ್ನು ಪೂರ್ತಿಯಾಗಿ ಕೈಬಿಟ್ಟ ಹಲವು ರಾಜ್ಯಗಳು ಶಾಸನಸಭೆಗಳ ಮೂಲಕವೇ ಕೈಬಿಟ್ಟವು.

ಹದಿನೇಳು ವರ್ಷದವನಿಗೆ ಕೊಲೆ ತಪ್ಪೆಂದು ಗೊತ್ತಿರುವುದಿಲ್ಲವೇ?

ಖಂಡಿತ ಗೊತ್ತಿರುತ್ತದೆ, ಹತ್ತು ವರ್ಷದ ಮಗುವಿಗೂ ಗೊತ್ತಿರುತ್ತದೆ. ಗೊತ್ತಿಲ್ಲ ಎಂಬುದು ಈ ಶಿಕ್ಷೆಯನ್ನು ವಿರೋಧಿಸುವವರ ವಾದವಲ್ಲ, ಹಾಗೆ ವಾದಿಸುವವರಿದ್ದರೆ ಅವರು ತಪ್ಪು. ಪ್ರಶ್ನೆ ಇರುವುದು ತಿಳಿವಳಿಕೆಯಲ್ಲಲ್ಲ, ಆ ಕ್ಷಣದಲ್ಲಿ ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿಯಲ್ಲಿ.

ಉದ್ವೇಗಕ್ಕೂ ರೋಮಾಂಚನಕ್ಕೂ ಸ್ಪಂದಿಸುವ ಮೆದುಳಿನ ಭಾಗಗಳು ಹದಿಹರೆಯದ ಆರಂಭದಲ್ಲೇ ಚುರುಕಾಗುತ್ತವೆ. ಮುಂದಾಲೋಚನೆಗೂ ಸಂಯಮಕ್ಕೂ ಆಧಾರವಾದ ಹಣೆಯ ಹಿಂಭಾಗದ ಪ್ರದೇಶ ಇಪ್ಪತ್ತರ ದಶಕದ ಮಧ್ಯದವರೆಗೂ ಬಲಿಯುತ್ತಲೇ ಇರುತ್ತದೆ. ಮನಶ್ಶಾಸ್ತ್ರಜ್ಞ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಮಾರ್ಗೊ ಗಾರ್ಡ್ನರ್ 2005ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸರಳವಾಗಿ ತೋರಿಸಿತು. ಮೂರು ವಯೋಮಾನದವರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಹಳದಿ ದೀಪ ಬಿದ್ದ ಮೇಲೆ ಎಲ್ಲಿಯವರೆಗೆ ಓಡಿಸುತ್ತಾರೆ ಎಂಬುದು ಪರೀಕ್ಷೆ. ಒಬ್ಬರೇ ಕೂತಾಗ ಹುಡುಗರೂ ದೊಡ್ಡವರೂ ಹೆಚ್ಚುಕಡಿಮೆ ಒಂದೇ ರೀತಿ ಆಡಿದರು. ಪಕ್ಕದಲ್ಲಿ ಗೆಳೆಯರಿದ್ದಾಗ ಹದಿಮೂರರಿಂದ ಹದಿನಾರರವರು ತೆಗೆದುಕೊಂಡ ಅಪಾಯ ಗಣನೀಯವಾಗಿ ಹೆಚ್ಚಿತು. ಇಪ್ಪತ್ತನಾಲ್ಕು ದಾಟಿದವರಲ್ಲಿ ಬದಲಾವಣೆ ಕಾಣಲಿಲ್ಲ. ಹದಿಹರೆಯದವರ ಅಪರಾಧಗಳು ಗುಂಪಿನಲ್ಲಿ ನಡೆಯುವುದೇ ಹೆಚ್ಚು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇದು ಹೊಣೆಯನ್ನು ಕಡಿಮೆ ಮಾಡುತ್ತದೆ, ಅಳಿಸುವುದಿಲ್ಲ. ನನಗೆ ಇದಕ್ಕಿಂತ ಮುಖ್ಯವಾಗಿ ತೋರುವ ಅಂಶ ಇನ್ನೊಂದಿದೆ. ಸಾಯುವವರೆಗೂ ಜೈಲು ಎಂಬ ಆದೇಶ ಬರೆಯುವ ನ್ಯಾಯಾಧೀಶರು, ಎದುರಿಗೆ ನಿಂತಿರುವ ಹದಿನೈದರ ಹುಡುಗ ನಲವತ್ತೈದರಲ್ಲಿ ಹೇಗಿರುತ್ತಾನೆ ಎಂಬುದನ್ನು ಆ ದಿನವೇ ಹೇಳುತ್ತಿದ್ದಾರೆ. ವಯಸ್ಕನ ವಿಷಯದಲ್ಲಿ ಹಿಂದಿನ ಬದುಕಿನ ದಾಖಲೆಯಾದರೂ ಇರುತ್ತದೆ. ಹದಿನೈದರ ಹುಡುಗನ ವಿಷಯದಲ್ಲಿ ಅಂಥ ಭವಿಷ್ಯ ಹೇಳುವ ವಿದ್ಯೆ ಮನೋವೈದ್ಯರ ಬಳಿಯೂ ಇಲ್ಲ.

ಹೀಗೆ ಬಿಟ್ಟವರು ಹೊರಬಂದು ಮತ್ತೆ ಕೊಲೆ ಮಾಡಿದರೆ?

ಈ ಭಯವನ್ನು ತಳ್ಳಿಹಾಕುವಂತಿಲ್ಲ. ಆದರೆ ಇದನ್ನು ಪರೀಕ್ಷಿಸಿ ನೋಡಲು ಈಗ ಅವಕಾಶವಿದೆ. ಬಾಲಾಪರಾಧಿಗಳಿಗೆ ಈ ಶಿಕ್ಷೆಯನ್ನು ಅತಿ ಹೆಚ್ಚಾಗಿ ವಿಧಿಸಿದ್ದ ನಗರ ಫಿಲಡೆಲ್ಫಿಯಾ. ಮಾಂಟ್ಗೊಮರಿ ತೀರ್ಪಿನ ಬಳಿಕ ಅಲ್ಲಿ ಬಿಡುಗಡೆಯಾದ 174 ಮಂದಿಯನ್ನು ಮಾಂಟ್‌ಕ್ಲೇರ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ಮಾಡಿ 2020ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಮತ್ತೆ ಅಪರಾಧ ಸಾಬೀತಾದವರು ಶೇ 1.14, ಅಂದರೆ ಇಬ್ಬರು. ಎರಡರಲ್ಲಿ ಯಾವುದೂ ಕೊಲೆಯಲ್ಲ. ಇವರೆಲ್ಲ ಹೊರಬಂದಾಗ ನಡುವಯಸ್ಸಿನವರು ಅಥವಾ ಮುದುಕರು, ಅನುಸರಣೆಯ ಅವಧಿಯೂ ಕೆಲವೇ ವರ್ಷಗಳದ್ದು ಎಂಬುದನ್ನು ಮರೆಯಬಾರದು. ಆದರೆ ಪ್ರಸ್ತಾಪವೂ ಅದೇ: ದಶಕಗಳ ಸೆರೆವಾಸದ ಬಳಿಕ ಪರಿಶೀಲನೆ. ಹಿಂಸಾಪ್ರವೃತ್ತಿ ಹದಿಹರೆಯದ ಕೊನೆಯಲ್ಲಿ ತುದಿಮುಟ್ಟಿ ಆಮೇಲೆ ಇಳಿಯುತ್ತದೆ ಎಂಬುದು ಅಪರಾಧಶಾಸ್ತ್ರದಲ್ಲಿ ಅತ್ಯಂತ ಗಟ್ಟಿಯಾಗಿ ನೆಲೆನಿಂತ ಸಂಗತಿಗಳಲ್ಲೊಂದು.

ಪೆರೋಲ್ ಕೊಟ್ಟರೆ ಬಿಡುಗಡೆ ಮಾಡಿದಂತೆಯೇ ಅಲ್ಲವೇ?

ಅಲ್ಲ. ಇಡೀ ಚರ್ಚೆಯಲ್ಲಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಹೆನ್ರಿ ಮಾಂಟ್ಗೊಮರಿ 1963ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಶಾಲೆಗೆ ಚಕ್ಕರ್ ಹಾಕಿ ತಿರುಗುತ್ತಿದ್ದಾಗ ಡೆಪ್ಯುಟಿ ಷೆರೀಫರೊಬ್ಬರನ್ನು ಗುಂಡಿಟ್ಟು ಕೊಂದರು. ಲೂಸಿಯಾನಾದ ಅಂಗೋಲಾ ಜೈಲಿನಲ್ಲಿ ಅವರು ಕೈದಿಗಳ ಬಾಕ್ಸಿಂಗ್ ತಂಡವನ್ನು ಕಟ್ಟಲು ನೆರವಾದರು, ಸ್ಕ್ರೀನ್ ಪ್ರಿಂಟಿಂಗ್ ವಿಭಾಗದಲ್ಲಿ ದುಡಿದರು. 2016ರಲ್ಲಿ ಅವರ ಹೆಸರಿನ ಪ್ರಕರಣ ಗೆದ್ದಿತು. ಆ ತೀರ್ಪಿನ ಬಲದಿಂದ ನೂರಾರು ಮಂದಿ ಹೊರಬಂದರು, ಅವರು ಮಾತ್ರ ಒಳಗೇ ಉಳಿದರು. 2018ರಲ್ಲಿ ಪೆರೋಲ್ ಮಂಡಳಿ ಅರ್ಜಿಯನ್ನು ತಿರಸ್ಕರಿಸಿತು. ಸುಧಾರಣಾ ತರಗತಿಗಳಿಗೆ ಸಾಕಷ್ಟು ಹಾಜರಾಗಿಲ್ಲ ಎಂಬುದು ಒಂದು ಕಾರಣವಾಗಿತ್ತು. ಆದರೆ ಅವರಂಥ ಕೈದಿಗಳಿಗೆ ದಶಕಗಳ ಕಾಲ ಅಂಥ ತರಗತಿಗಳೇ ಇರಲಿಲ್ಲ ಎಂದು ವಕೀಲರು ತೋರಿಸಿದ್ದರು. 2019ರಲ್ಲಿ ಮೂವರು ಸದಸ್ಯರಲ್ಲಿ ಇಬ್ಬರು ಒಪ್ಪಿದರೂ ಸರ್ವಾನುಮತ ಬೇಕಿದ್ದುದರಿಂದ ಮತ್ತೆ ನಿರಾಕರಣೆ. ಬಿಡುಗಡೆ ಸಿಕ್ಕಿದ್ದು 2021ರ ನವೆಂಬರಿನಲ್ಲಿ, ಎಪ್ಪತ್ತೈದನೇ ವಯಸ್ಸಿನಲ್ಲಿ.

ಪರಿಶೀಲನೆ ಎಂದರೆ ಹೀಗಿರುತ್ತದೆ: ದೀರ್ಘ, ಕಠಿಣ, ಹಲವರ ಪಾಲಿಗೆ ಎಂದಿಗೂ 'ಹೌದು' ಎಂಬ ಉತ್ತರ ಕೊಡದಂಥದ್ದು. ನಾನು ಕೇಳುತ್ತಿರುವುದು ಅಷ್ಟನ್ನೇ.

ಕೊಲೆಯಾದವರ ಮನೆಯವರ ಗತಿ ಏನು? ಅವರಿಗೆ ಯಾವ ಪೆರೋಲ್ ಇದೆ?

ಈ ಪ್ರಶ್ನೆಗೆ ಪೂರ್ತಿ ಸಮಾಧಾನ ಕೊಡುವ ಉತ್ತರವಿಲ್ಲ. ಮಗಳನ್ನೋ ತಂದೆಯನ್ನೋ ಕಳೆದುಕೊಂಡವರ ಶಿಕ್ಷೆಗೆ ನಿಜಕ್ಕೂ ಕೊನೆಯಿಲ್ಲ. ಪೆರೋಲ್ ವಿಚಾರಣೆ ಎರಡು ಮೂರು ವರ್ಷಕ್ಕೊಮ್ಮೆ ಬಂದರೆ, ಪ್ರತಿ ಬಾರಿಯೂ ಆ ಕುಟುಂಬ ಹಳೆಯ ಫೋಟೋಗಳನ್ನು ಹೊತ್ತು ಮಂಡಳಿಯ ಮುಂದೆ ಹೋಗಿ, ನಡೆದದ್ದನ್ನೆಲ್ಲ ಮತ್ತೆ ಹೇಳಬೇಕಾಗುತ್ತದೆ. ಮಾಂಟ್ಗೊಮರಿ ಪ್ರಕರಣದಲ್ಲಿ ಮೃತ ಅಧಿಕಾರಿಯ ಕುಟುಂಬ ಬಿಡುಗಡೆಯನ್ನು ವಿರೋಧಿಸಿತು. ಅದು ಅವರ ಹಕ್ಕು, ಅದನ್ನು ಸೇಡೆಂದು ಕರೆಯುವವರೊಂದಿಗೆ ನಾನಿಲ್ಲ.

ಮಾಡಬಹುದಾದದ್ದು ಇಷ್ಟು. ಮೊದಲ ಪರಿಶೀಲನೆಗೆ ದೀರ್ಘ ಕನಿಷ್ಠ ಅವಧಿ ಇರಲಿ. ಆಮೇಲಿನ ಪರಿಶೀಲನೆಗಳ ನಡುವೆ ಸಾಕಷ್ಟು ವರ್ಷಗಳ ಅಂತರವಿರಲಿ. ಕುಟುಂಬದ ಹೇಳಿಕೆಯನ್ನು ಒಮ್ಮೆ ದಾಖಲಿಸಿಕೊಂಡು ಮುಂದೆಯೂ ಬಳಸಲಿ. ಬರಲೇಬೇಕೆಂಬ ಒತ್ತಾಯ ಬೇಡ. ಪರಿಹಾರ, ಆಪ್ತಸಮಾಲೋಚನೆ, ಪ್ರಕರಣದ ಪ್ರತಿ ಹಂತದ ಮಾಹಿತಿ ಅವರಿಗೆ ಕೇಳದೆಯೇ ಸಿಗಲಿ. ಸಂತ್ರಸ್ತರ ಪರ ಎಂದು ಹೇಳಿಕೊಳ್ಳುವ ಸರ್ಕಾರಗಳು ಶಿಕ್ಷೆಯ ವರ್ಷಗಳನ್ನು ಹೆಚ್ಚಿಸುವಷ್ಟು ಸುಲಭವಾಗಿ ಈ ಕೆಲಸಗಳಿಗೆ ದುಡ್ಡು ತೆಗೆಯುವುದಿಲ್ಲ.

ಎಷ್ಟು ಭೀಕರ ಅಪರಾಧವಾದರೂ ಇದೇ ಮಾತೇ?

ಅತ್ಯಂತ ಕಷ್ಟದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2024ರ ಜುಲೈನಲ್ಲಿ ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ ಮಕ್ಕಳ ನೃತ್ಯ ತರಗತಿಗೆ ನುಗ್ಗಿದ ಹದಿನೇಳರ ಹುಡುಗನೊಬ್ಬ ಮೂವರು ಹೆಣ್ಣುಮಕ್ಕಳನ್ನು ಇರಿದು ಕೊಂದ. ಕೆಲವೇ ದಿನಗಳಲ್ಲಿ ಅವನಿಗೆ ಹದಿನೆಂಟು ತುಂಬುವುದಿತ್ತು. ವಯಸ್ಕನಾಗಿದ್ದಿದ್ದರೆ ಜೀವನಪರ್ಯಂತ ಸೆರೆಯ ಆದೇಶ ಬರುತ್ತಿತ್ತು. ಅಪ್ರಾಪ್ತರಿಗೆ ಆ ಆದೇಶ ಕೊಡಲು ಅಲ್ಲಿನ ಕಾನೂನು ಬಿಡುವುದಿಲ್ಲ. 2025ರ ಜನವರಿಯಲ್ಲಿ ನ್ಯಾಯಾಧೀಶರು ಕನಿಷ್ಠ 52 ವರ್ಷಗಳ ಜೀವಾವಧಿ ಶಿಕ್ಷೆ ವಿಧಿಸಿ, ಅವನು ಎಂದಿಗೂ ಹೊರಬರದಿರುವ ಸಾಧ್ಯತೆಯೇ ಹೆಚ್ಚು ಎಂದರು. ಕಾನೂನನ್ನು ಬದಲಿಸಿ ಎಂಬ ಆಗ್ರಹ ಅಂದೇ ಎದ್ದಿತು.

ಆ ಮೂವರು ಮಕ್ಕಳ ತಂದೆತಾಯಿಗಳ ಮುಂದೆ ನಿಂತು ವಾದ ಮಾಡುವ ಧೈರ್ಯ ನನಗಿಲ್ಲ. ಆದರೂ ನಿಯಮದ ವಿಷಯದಲ್ಲಿ ನನ್ನ ಉತ್ತರ ಬದಲಾಗದು. ಅಪಾಯಕಾರಿಯಾದವನನ್ನು ಒಳಗೇ ಇಡಲು ಬೇಕಾದ ಎಲ್ಲ ಅಧಿಕಾರವೂ ಪರಿಶೀಲನೆಯ ವ್ಯವಸ್ಥೆಯಲ್ಲಿದೆ ಎಂಬುದಕ್ಕೆ ಈ ಪ್ರಕರಣವೇ ಸಾಕ್ಷಿ. 52 ವರ್ಷಗಳ ಅವಧಿ ಹೆಸರಿಗಷ್ಟೇ ಬಿಡುಗಡೆಯ ಸಾಧ್ಯತೆ ಎಂಬ ಆಕ್ಷೇಪವೂ ಇದೆ, ಅದರಲ್ಲಿ ಸತ್ಯವಿದೆ.

ಭಾರತದಲ್ಲಿ ಮಕ್ಕಳಿಗೆ ಜೀವಾವಧಿ ಶಿಕ್ಷೆ ಕೊಡಬಹುದೇ?

ಬಿಡುಗಡೆಯ ಸಾಧ್ಯತೆ ಇಲ್ಲದ ಜೀವಾವಧಿ ಶಿಕ್ಷೆ ಕೊಡುವಂತಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 21ನೇ ಸೆಕ್ಷನ್ ಮರಣದಂಡನೆಯನ್ನೂ ಇಂಥ ಜೀವಾವಧಿ ಶಿಕ್ಷೆಯನ್ನೂ ಯಾವುದೇ ಕಾನೂನಿನಡಿ ವಿಧಿಸಕೂಡದು ಎಂದು ನೇರವಾಗಿ ಹೇಳುತ್ತದೆ. ಹದಿನಾರು ದಾಟಿದವರನ್ನು ವಯಸ್ಕರಂತೆ ವಿಚಾರಣೆ ಮಾಡಿದ ಪ್ರಕರಣಗಳಲ್ಲಿ, ಬಿಡುಗಡೆಯ ಸಾಧ್ಯತೆ ಇರುವ ಜೀವಾವಧಿ ಶಿಕ್ಷೆಗೆ ಅಡ್ಡಿಯಿಲ್ಲ.

ಈ ವ್ಯತ್ಯಾಸ ಏಕೆ ಮುಖ್ಯ ಎಂಬುದಕ್ಕೆ ಕರ್ನಾಟಕದ ಪ್ರಕರಣವೊಂದು ನೆನಪಿಗೆ ಬರುತ್ತದೆ. ಬೆಂಗಳೂರಿನಲ್ಲಿ 1991ರಲ್ಲಿ ಪತ್ನಿಯನ್ನು ಕೊಂದು ಮನೆಯಂಗಳದಲ್ಲೇ ಹೂತ ಸ್ವಾಮಿ ಶ್ರದ್ಧಾನಂದನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಮರಣದಂಡನೆಯ ಬದಲು, ಶಿಕ್ಷೆ ಮಾಫಿಯೇ ಇಲ್ಲದ, ಬದುಕಿನ ಕೊನೆಯವರೆಗಿನ ಸೆರೆವಾಸವನ್ನು ವಿಧಿಸಿತು. 2015ರಲ್ಲಿ ಸಂವಿಧಾನ ಪೀಠ ಈ ಕ್ರಮವನ್ನು ಎತ್ತಿಹಿಡಿಯಿತು. ಆಮೇಲೆ ದೇಶದಾದ್ಯಂತ ಇಂಥ ಶಿಕ್ಷೆಗಳು ಹೆಚ್ಚಾದವು. ಭಾರತೀಯ ನ್ಯಾಯ ಸಂಹಿತೆಯ ಕೆಲವು ಸೆಕ್ಷನ್‌ಗಳಲ್ಲಿ 'ಸಹಜ ಜೀವನದ ಉಳಿದ ಅವಧಿಯವರೆಗೆ' ಎಂಬ ಮಾತೇ ಬಂದಿದೆ. ವಯಸ್ಕರ ವಿಷಯದಲ್ಲಿ ನಮ್ಮ ಕಾನೂನು ಅಮೆರಿಕದ ದಾರಿಗೆ ಹತ್ತಿರವಾಗುತ್ತಿರುವ ಈ ಹೊತ್ತಿನಲ್ಲಿ ಮಕ್ಕಳನ್ನು ಅದರಿಂದ ಹೊರಗಿಟ್ಟಿರುವುದು 21ನೇ ಸೆಕ್ಷನ್.

ದೆಹಲಿಯ 2012ರ ಪ್ರಕರಣದ ಹುಡುಗ ಮೂರೇ ವರ್ಷಕ್ಕೆ ಹೊರಬಂದನಲ್ಲ, ಅದು ನ್ಯಾಯವೇ?

ಡಿಸೆಂಬರ್ 16ರ ಆ ಅತ್ಯಾಚಾರ ಮತ್ತು ಕೊಲೆಯ ಆರೋಪಿಗಳಲ್ಲಿ ಒಬ್ಬನ ವಯಸ್ಸು ಹದಿನೆಂಟಕ್ಕೆ ಕೆಲವೇ ತಿಂಗಳು ಕಡಿಮೆಯಿತ್ತು. ಅಂದಿನ ಕಾಯ್ದೆಯಲ್ಲಿದ್ದ ಗರಿಷ್ಠ ಅವಧಿ ಮೂರು ವರ್ಷ. 2015ರ ಡಿಸೆಂಬರ್ 20ರಂದು ಅವನ ಬಿಡುಗಡೆಯಾಯಿತು, 22ರಂದು ರಾಜ್ಯಸಭೆ ಹೊಸ ಬಾಲ ನ್ಯಾಯ ಮಸೂದೆಗೆ ಒಪ್ಪಿಗೆ ಕೊಟ್ಟಿತು. ವಯಸ್ಸಿನ ಮಿತಿಯನ್ನು ಇಳಿಸಬಾರದು ಎಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರಲ್ಲೇ ಹೇಳಿತ್ತು.

ಅಂಥ ಅಪರಾಧಕ್ಕೆ ಮೂರು ವರ್ಷ ಕಡಿಮೆಯೆಂದು ಅನಿಸಿದ ಲಕ್ಷಾಂತರ ಜನರ ಅನಿಸಿಕೆಯನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಮೂರು ವರ್ಷ ಸಾಲದು ಎಂಬುದರಿಂದ ಸಾಯುವವರೆಗೂ ಇಡಬೇಕು ಎಂಬ ತೀರ್ಮಾನಕ್ಕೆ ಜಿಗಿಯಲಾಗದು. ಆ ಎರಡರ ನಡುವೆ ದೊಡ್ಡ ಜಾಗವಿದೆ. ಹೊಸ ಕಾಯ್ದೆ ಅಲ್ಲಿ ನಿಲ್ಲಲು ಯತ್ನಿಸಿತು.

ಹಾಗಾದರೆ ಈಗ ಹದಿನಾರರಿಂದ ಹದಿನೆಂಟರವರ ವಿಚಾರಣೆ ಹೇಗೆ ನಡೆಯುತ್ತದೆ?

ಕನಿಷ್ಠ ಶಿಕ್ಷೆ ಏಳು ವರ್ಷ ಅಥವಾ ಹೆಚ್ಚಾಗಿರುವ ಘೋರ ಅಪರಾಧಗಳಲ್ಲಿ ಬಾಲ ನ್ಯಾಯ ಮಂಡಳಿ ಮೊದಲು ಪ್ರಾಥಮಿಕ ಮೌಲ್ಯಮಾಪನ ನಡೆಸಬೇಕು: ಅಪರಾಧ ಎಸಗುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ, ಪರಿಣಾಮವನ್ನು ಅರಿಯುವ ಶಕ್ತಿ, ಅಪರಾಧ ನಡೆದ ಸಂದರ್ಭ ಇವನ್ನು ನೋಡಬೇಕು. ಇದಕ್ಕೆ ಮೂರು ತಿಂಗಳ ಗಡುವಿದೆ. ವಯಸ್ಕನಂತೆ ವಿಚಾರಣೆ ಅಗತ್ಯವೆನಿಸಿದರೆ ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತದೆ. ಶಿಕ್ಷೆಯಾದರೂ ಇಪ್ಪತ್ತೊಂದು ತುಂಬುವವರೆಗೆ ಜೈಲಿಗೆ ಕಳಿಸುವಂತಿಲ್ಲ, ಸುರಕ್ಷಿತ ಸ್ಥಳದಲ್ಲಿಡಬೇಕು. ಇಪ್ಪತ್ತೊಂದರಲ್ಲಿ ನ್ಯಾಯಾಲಯ ಅವನ ಸುಧಾರಣೆಯನ್ನು ಪರಿಶೀಲಿಸಿ ಷರತ್ತುಗಳೊಂದಿಗೆ ಬಿಡಬೇಕೋ, ಉಳಿದ ಅವಧಿಗೆ ಜೈಲಿಗೆ ಕಳಿಸಬೇಕೋ ಎಂದು ನಿರ್ಧರಿಸುತ್ತದೆ.

ಮೌಲ್ಯಮಾಪನದ ಗುಣಮಟ್ಟವೇ ಇಲ್ಲಿನ ದೊಡ್ಡ ತೊಡಕು. ಗುರುಗ್ರಾಮದ ಶಾಲೆಯೊಂದರಲ್ಲಿ 2017ರಲ್ಲಿ ನಡೆದ ಬಾಲಕನ ಕೊಲೆಗೆ ಸಂಬಂಧಿಸಿದ 2022ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇದು ಸೂಕ್ಷ್ಮವಾದ ಕೆಲಸ, ಮನಶ್ಶಾಸ್ತ್ರಜ್ಞರ ನೆರವಿಲ್ಲದೆ ಮಾಡುವಂಥದ್ದಲ್ಲ ಎಂದಿತು. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದವರು ಈ ಕ್ಷೇತ್ರದಲ್ಲಿ ತರಬೇತಿ ನೀಡುತ್ತ ಬಂದಿದ್ದಾರೆ. ಅಂಥ ಪರಿಣತರು ಜಿಲ್ಲಾ ಕೇಂದ್ರಗಳ ಮಂಡಳಿಗಳಿಗೆ ಸುಲಭವಾಗಿ ದಕ್ಕುವುದಿಲ್ಲ. ಒಂದೆರಡು ಭೇಟಿಗಳಲ್ಲಿ ಕೇಳಿದ ಪ್ರಶ್ನೆಗಳಿಂದ, ತಿಂಗಳುಗಳ ಹಿಂದಿನ ಒಂದು ಕ್ಷಣದಲ್ಲಿ ಆ ಹುಡುಗನ ಮನಸ್ಸು ಹೇಗಿತ್ತೆಂದು ಹೇಳಬಹುದೇ ಎಂಬ ಅನುಮಾನ ನನಗಂತೂ ಉಳಿದಿದೆ.

ವಯಸ್ಸನ್ನೇ ತಪ್ಪಾಗಿ ನಿರ್ಧರಿಸಿದರೆ?

ಹಾಗಾಗಿದೆ. 1994ರಲ್ಲಿ ಪುಣೆಯಲ್ಲಿ ಐವರು ಮಹಿಳೆಯರನ್ನೂ ಇಬ್ಬರು ಮಕ್ಕಳನ್ನೂ ಕೊಂದ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾದ ರಾಜಸ್ಥಾನ ಮೂಲದ ಕೈದಿಯೊಬ್ಬನನ್ನು ಸುಪ್ರೀಂ ಕೋರ್ಟ್ 2023ರ ಮಾರ್ಚಿನಲ್ಲಿ ಬಿಡುಗಡೆ ಮಾಡಿತು. ನ್ಯಾಯಾಲಯದ ಕಾಗದಗಳಲ್ಲಿ ಅವನಿಗೆ ಒಂದು ಹೆಸರಿತ್ತು, ಹಳ್ಳಿಯ ಶಾಲೆಯ ದಾಖಲೆಯಲ್ಲಿ ಇನ್ನೊಂದು. ಆ ಶಾಲಾ ದಾಖಲೆಯ ಪ್ರಕಾರ ಅಪರಾಧದ ದಿನ ಅವನಿಗೆ ಹನ್ನೆರಡೂವರೆ ವರ್ಷ. ಅಷ್ಟರಲ್ಲಿ ಅವನು 28 ವರ್ಷ ಜೈಲಿನಲ್ಲಿ ಕಳೆದಿದ್ದ. ಅವನ ವಯಸ್ಸಿಗೆ ಕಾನೂನಿನಲ್ಲಿದ್ದ ಗರಿಷ್ಠ ಅವಧಿ ಮೂರು ವರ್ಷ.

2025ರ ಜನವರಿಯಲ್ಲಿ ಉತ್ತರಾಖಂಡದ ಇನ್ನೊಂದು ಪ್ರಕರಣ ಬಂತು. 1994ರ ಕೊಲೆಗಳಿಗಾಗಿ ಮರಣದಂಡನೆಗೆ ಗುರಿಯಾದವನಿಗೆ ಆಗ ಹದಿನಾಲ್ಕು ವರ್ಷ. ತಾನು ಅಪ್ರಾಪ್ತನೆಂದು ಅವನು ಹೇಳಿದ್ದರೂ, ಬ್ಯಾಂಕ್ ಖಾತೆ ಇದೆಯೆಂಬ ಕಾರಣಕ್ಕೆ ವಯಸ್ಕನೆಂದು ಪರಿಗಣಿಸಲಾಗಿತ್ತು. 2012ರಲ್ಲಿ ರಾಷ್ಟ್ರಪತಿಗಳು ಮರಣದಂಡನೆಯನ್ನು ಪರಿವರ್ತಿಸಿ, ಅರವತ್ತು ತುಂಬುವವರೆಗೆ ಬಿಡುವಂತಿಲ್ಲ ಎಂದು ಆದೇಶಿಸಿದ್ದರು. ಸುಮಾರು 25 ವರ್ಷಗಳ ಸೆರೆವಾಸದ ಬಳಿಕ ಅವನನ್ನು ಬಿಡುಗಡೆ ಮಾಡಿದ ನ್ಯಾಯಪೀಠ, ಪ್ರತಿ ಹಂತದಲ್ಲೂ ಅವನಿಗೆ ಅನ್ಯಾಯವಾಗಿದೆ ಎಂದಿತು.

ಕಾಗದದಲ್ಲಿ ಅತ್ಯುತ್ತಮ ಕಾನೂನಿದ್ದರೂ, ಬಡ ಹುಡುಗನ ಬಳಿ ಜನನ ಪ್ರಮಾಣಪತ್ರ ಇಲ್ಲದಿದ್ದರೆ ಅದು ಅವನನ್ನು ಮುಟ್ಟುವುದಿಲ್ಲ. ಪರಿಶೀಲನೆಯ ಅವಕಾಶವನ್ನು ಪೂರ್ತಿಯಾಗಿ ಮುಚ್ಚಿಬಿಡುವ ಶಿಕ್ಷೆಗಳ ಬಗ್ಗೆ ನನಗಿರುವ ಭಯಕ್ಕೆ ಈ ಇಬ್ಬರೂ ಕಾರಣ.

ಹದಿನೆಂಟೇ ಏಕೆ? ಹಿಂದಿನ ದಿನ ಮಗು, ಮರುದಿನ ವಯಸ್ಕನೇ?

ಯಾವ ಗೆರೆ ಎಳೆದರೂ ಈ ಆಕ್ಷೇಪ ಇದ್ದೇ ಇರುತ್ತದೆ, ಮತದಾನಕ್ಕೂ ಇದೆ. ಗೆರೆಯನ್ನು ಮೇಲಕ್ಕೆ ಸರಿಸಿದವರೂ ಇದ್ದಾರೆ: ಮ್ಯಾಸಚೂಸೆಟ್ಸ್‌ನ ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಈ ರಕ್ಷಣೆಯನ್ನು ಇಪ್ಪತ್ತೊಂದರೊಳಗಿನವರಿಗೆ ವಿಸ್ತರಿಸಿತು.

ನಮ್ಮ ಮನೆಯ ಹುಡುಗನ ಮೇಲೆ ಗಂಭೀರ ಪ್ರಕರಣ ದಾಖಲಾದರೆ ಮೊದಲು ಏನು ಮಾಡಬೇಕು?

ವಯಸ್ಸಿನ ದಾಖಲೆ ಹುಡುಕಿ. ಶಾಲೆ ಕೊಟ್ಟ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಕಾನೂನು ಮೊದಲ ಸ್ಥಾನ ಕೊಡುತ್ತದೆ. ಅವಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಮಾತ್ರ ಮೂಳೆಯ ಪರೀಕ್ಷೆ. ಕೈಯಲ್ಲಿ ಟಿಸಿ ಇದೆಯೆಂದು ಸುಮ್ಮನಾಗಬೇಡಿ: ಪೋಕ್ಸೊ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ, ಶಾಲೆಯ ವರ್ಗಾವಣೆ ಪತ್ರ ವಯಸ್ಸಿನ ನಿರ್ಧಾರಕ್ಕೆ ಬಾಲ ನ್ಯಾಯ ಕಾಯ್ದೆ ಕೇಳುವ ದಾಖಲೆಯಲ್ಲ ಎಂದಿದೆ. ಹದಿನೆಂಟರೊಳಗಿನವರನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಕ್ಕಳಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ವಿಚಾರಣೆ ಮುಗಿದು, ಮೇಲ್ಮನವಿಗಳೂ ಮುಗಿದ ಮೇಲೆ ದಾಖಲೆ ಸಿಕ್ಕಿದರೂ ತಡವಾಯಿತೆಂದು ಕೈಬಿಡಬೇಡಿ: ಅಪರಾಧದ ದಿನ ಅಪ್ರಾಪ್ತನಾಗಿದ್ದೆ ಎಂಬ ವಾದವನ್ನು ಯಾವ ನ್ಯಾಯಾಲಯದಲ್ಲಾದರೂ, ಯಾವ ಹಂತದಲ್ಲಾದರೂ ಎತ್ತಬಹುದು.